ಮಿಸ್ ಕಾಲಿನಿಂದ ಅನ್‌ಲಿಮಿಟೆಡ್‌ವರೆಗೆ: ಮಿಶ್ರಿಕೋಟಿಯಿಂದ ನೋಡಿದ ಮಾತಿನ ದರದ ಇತಿಹಾಸ

2024ರ ಮಳೆಗಾಲದಲ್ಲಿ ಗೋವಿನಜೋಳದ ಬೆಳೆ ನೋಡಿಕೊಂಡು ಬರಲು ನಾವು ಕಲಘಟಗಿ ತಾಲೂಕಿನ ಮಿಶ್ರಿಕೋಟಿಗೆ ಹೋಗಿದ್ದೆವು. ಮಳೆ ಜೋರಾಯಿತು. ಒಂದು ಅಂಗಡಿಯ ಕಟ್ಟೆ ಹತ್ತಿ ನಿಂತೆವು. ಝೆರಾಕ್ಸ್, ಆನ್‌ಲೈನ್ ಅರ್ಜಿ, ಕರೆನ್ಸಿ ಹಾಕುವುದು, ಎಲ್ಲ ಅಲ್ಲೇ. ನಮ್ಮ ಹಿಂದೆಯೇ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚುತ್ತ ಬಂದರು. ಕೈಯಲ್ಲಿ ಬಟನ್ ಫೋನು.

"ತಮ್ಮಾ, ಬರೇ ಮಾತಾಡೂದ ಅಷ್ಟ ಹಾಕು. ಆ ನೆಟ್ಟು ಗಿಟ್ಟು ನನಗ ಬ್ಯಾಡ."

"ಯವ್ವಾ, ಅದೊಂದ ಬ್ಯಾರೆ ಬರೂದಿಲ್ಲ. ಎರಡೂ ಕೂಡೇ ಬರ್ತೈತಿ. ನೂರಾತೊಂಬತ್ತೊಂಬತ್ತು."

"ಹೋದ ಸಲಕ್ಕಿಂತ ಹೆಚ್ಚ ಆತಲ್ಲೊ?"

"ಏರೇತಿ ಯವ್ವಾ. ಎಲ್ಲಾರದೂ ಏರೇತಿ."

ಅಜ್ಜಿ ಎರಡು ನೂರರ ನೋಟು ಕೊಟ್ಟು, ಒಂದು ರೂಪಾಯಿ ವಾಪಸ್ ಇಸಿದುಕೊಂಡು ಹೋದರು. ಅವರು ಯಾರಿಗೂ ಫೋನ್ ಮಾಡುವುದೇ ಇಲ್ಲ, ಗೋವಾದಲ್ಲಿ ದುಡಿಯುವ ಮಗ ವಾರಕ್ಕೊಮ್ಮೆ ಮಾಡುತ್ತಾನೆ ಎಂದು ಅಂಗಡಿಯವರು ಹೇಳಿದರು. ಅಂದರೆ ಆ 199 ರೂಪಾಯಿ ಅಜ್ಜಿ ಮಾತಾಡುವುದಕ್ಕೆ ಕೊಟ್ಟಿದ್ದಲ್ಲ. ಮಗನ ಫೋನು ತನಗೆ ಬರಲಿ ಎಂದು ಕೊಟ್ಟಿದ್ದು.

ಗೋವಿನಜೋಳದ ವರದಿ ಬರೆದು ಮುಗಿಸಿದೆವು. ಅಜ್ಜಿಯ ಮಾತು ಮಾತ್ರ ತಲೆಯಿಂದ ಹೋಗಲಿಲ್ಲ. ಎಷ್ಟು ಬೇಕಾದರೂ ಮಾತಾಡಿ ಎಂದು ಕಂಪನಿಗಳು ಪೈಪೋಟಿಗೆ ಬಿದ್ದ ಕಾಲದಲ್ಲಿ, ಮಾತೇ ಆಡದ ಅಜ್ಜಿಗೆ ಫೋನು ದುಬಾರಿಯಾದದ್ದು ಹೇಗೆ? ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಯಿತು.

ಕಿತ್ತೂರಿನ ಡಬ್ಬಿ, ಹಳದಿ ಬೋರ್ಡು

ಹಳ್ಳಿಯ ಫೋನಿನ ಕಥೆಯಲ್ಲಿ ನಮ್ಮ ಭಾಗಕ್ಕೆ ಒಂದು ಹೆಮ್ಮೆಯ ಜಾಗವಿದೆ. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ, ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ, ಹಳ್ಳಿಗಳಿಗೆಂದೇ 128 ಲೈನಿನ ಸಣ್ಣ ಎಕ್ಸ್‌ಚೇಂಜ್ ತಯಾರಿಸಿತು. ಏಸಿ ಕೋಣೆ ಬೇಡದ, ಧೂಳು ಬಿಸಿಲು ತಡೆದುಕೊಳ್ಳುವ ಯಂತ್ರ ಅದು. ಅಂಥ ಮೊದಲ ಎಕ್ಸ್‌ಚೇಂಜ್ 1986ರಲ್ಲಿ ಚಾಲೂ ಆದದ್ದು ಧಾರವಾಡದ ಪಕ್ಕದ ಕಿತ್ತೂರಿನಲ್ಲಿ. ಮುಂದೆ ದೇಶದ ಸಾವಿರಾರು ಹಳ್ಳಿಗಳಿಗೆ ಇದೇ ಬಗೆಯ ಎಕ್ಸ್‌ಚೇಂಜ್ ಹೋಯಿತು.

ಎಕ್ಸ್‌ಚೇಂಜಿನ ಬೆನ್ನಿಗೆ ಬಂದದ್ದು ಎಸ್‌ಟಿಡಿ ಬೂತಿನ ಹಳದಿ ಬೋರ್ಡು. ಹುಬ್ಬಳ್ಳಿ-ಧಾರವಾಡಕ್ಕೆ 0836, ಕಲಘಟಗಿಗೆ 08370 ಎಂದು ಕೋಡು ಬಾಯಿಪಾಠವಾಗಿದ್ದ ಕಾಲ. ರಾತ್ರಿ ಏರಿದಂತೆ ದೂರದ ಕರೆಯ ದರ ಇಳಿಯುತ್ತಿತ್ತು. ಹಾಗಾಗಿ ಬೂತಿನ ಮುಂದೆ ಸಾಲು ಹಚ್ಚುತ್ತಿದ್ದದ್ದು ಊಟ ಆದ ಮೇಲೆ. ಗಾಜಿನ ಬಾಗಿಲಿನೊಳಗೆ ಕೆಂಪು ಅಂಕಿ ಓಡುತ್ತಿತ್ತು. ಮಾತಾಡುವವರ ಕಣ್ಣು ಆ ಅಂಕಿಯ ಮೇಲೆ, ಕಿವಿ ಫೋನಿನ ಮೇಲೆ. "ಆರಾಮ ಅದೀರಿ? ಆರಾಮ ಅದೇವಿ. ಇಡ್ತೇನಿ" ಎಂದು ಮೂರೇ ಮಾತಿನಲ್ಲಿ ಮುಗಿಸುವುದನ್ನು ನಮ್ಮ ಹಿರಿಯರು ಕಲಿತದ್ದು ಅಲ್ಲಿ.

ಆಗ ಫೋನ್ ಮಾಡುವುದಕ್ಕೆ ದುಡ್ಡು ಬೇಕಿತ್ತು. ಫೋನ್ ಬರುವುದಕ್ಕೆ ಬೇಕಿರಲಿಲ್ಲ. ಬೂತಿನ ಹುಡುಗ ಓಡಿ ಬಂದು "ನಿಮ್ಮ ಫೋನ್ ಬಂದೈತ್ರಿ" ಎಂದು ಕರೆದರೆ ಆಯಿತು. ಈ ಮಾತನ್ನು ಇಲ್ಲೇ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬರುವ ಕರೆಗೂ ದುಡ್ಡು

ದೇಶದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಕೋಲ್ಕತ್ತದಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರ ಜೊತೆ ಮಾತಾಡಿದರು. ಆ ಹೊತ್ತಿಗೆ ಒಂದು ನಿಮಿಷಕ್ಕೆ 16 ರೂಪಾಯಿವರೆಗೆ ದರವಿತ್ತು. ಅದಕ್ಕಿಂತ ಹೆಚ್ಚಿನ ತೊಂದರೆ ಎಂದರೆ ಬರುವ ಕರೆಗೂ ಹಣ ಕೊಡಬೇಕಿತ್ತು. ಫೋನ್ ಬಂತೆಂದರೆ ಎತ್ತಲೋ ಬೇಡವೋ ಎಂದು ಯೋಚಿಸಬೇಕು.

ಕರ್ನಾಟಕದಲ್ಲಿ ಮೊದಲು ಇದ್ದದ್ದು ಜೆಟಿ ಮೊಬೈಲ್ ಮತ್ತು ಸ್ಪೈಸ್. ಜೆಟಿಯನ್ನು 1999ರಲ್ಲಿ ಭಾರ್ತಿ ಕಂಪನಿ ಕೊಂಡುಕೊಂಡಿತು, ಅದೇ ಮುಂದೆ ಏರ್‌ಟೆಲ್ ಆಯಿತು. ಸ್ಪೈಸ್ 2008ರಲ್ಲಿ ಐಡಿಯಾದ ಪಾಲಾಯಿತು. 1999ರ ಹೊಸ ದೂರಸಂಪರ್ಕ ನೀತಿ ಕಂಪನಿಗಳ ಮೇಲಿದ್ದ ಭಾರೀ ಲೈಸೆನ್ಸ್ ಶುಲ್ಕವನ್ನು ತೆಗೆದು, ಆದಾಯದಲ್ಲಿ ಸರ್ಕಾರಕ್ಕೆ ಪಾಲು ಎಂಬ ಪದ್ಧತಿ ತಂದಿತು. ದರ ಇಳಿಯಲು ದಾರಿಯಾದದ್ದು ಇದರಿಂದ.

ಆಮೇಲೆ ಒಂದರ ಹಿಂದೊಂದು ಬಂದವು. 2002ರ ಅಕ್ಟೋಬರಿನಲ್ಲಿ ಬಿಎಸ್‌ಎನ್‌ಎಲ್‌ನ ಸೆಲ್‌ಒನ್. ಅದೇ ವರ್ಷದ ಡಿಸೆಂಬರಿನಲ್ಲಿ ರಿಲಯನ್ಸ್. 2003ರಲ್ಲಿ 501 ರೂಪಾಯಿ ಕೊಟ್ಟರೆ ಕೈಗೆ ಹ್ಯಾಂಡ್‌ಸೆಟ್ಟು ಎಂಬ ರಿಲಯನ್ಸಿನ 'ಮಾನ್ಸೂನ್ ಹಂಗಾಮಾ'. ಆದರೆ ನಮ್ಮ ಲೆಕ್ಕದಲ್ಲಿ ಹಳ್ಳಿಗೆ ಮೊಬೈಲ್ ತಂದದ್ದು ಈ ಜಾಹೀರಾತುಗಳಲ್ಲ. 2003ರ ಮೇ 1ರ ಒಂದು ನಿಯಮ.

ಅಂದಿನಿಂದ ಕರೆ ಮಾಡಿದವರೇ ಹಣ ಕೊಡಬೇಕು, ಕರೆ ಸ್ವೀಕರಿಸಿದವರಿಗೆ ಪುಕ್ಕಟೆ. ಹಾಗಾದರೆ ಕರೆ ತಲುಪಿಸಿದ ಕಂಪನಿಗೆ ಏನು ಸಿಗಬೇಕು? ಅದಕ್ಕೆ ಟ್ರಾಯ್ ಒಂದು ಲೆಕ್ಕ ಹಾಕಿಕೊಟ್ಟಿತು. ಹುಬ್ಬಳ್ಳಿಯ ಒಬ್ಬರು ಒಂದು ಕಂಪನಿಯ ಸಿಮ್ಮಿನಿಂದ ಮಿಶ್ರಿಕೋಟಿಯ ಇನ್ನೊಂದು ಕಂಪನಿಯ ಸಿಮ್ಮಿಗೆ ಫೋನ್ ಮಾಡಿದರೆ, ಮೊದಲ ಕಂಪನಿ ಎರಡನೆಯದಕ್ಕೆ ನಿಮಿಷಕ್ಕೆ ಇಷ್ಟು ಪೈಸೆ ಕೊಡಬೇಕು. 2004ರಿಂದ ಅದು 30 ಪೈಸೆ, 2009ರಿಂದ 20 ಪೈಸೆ, 2015ರಿಂದ 14 ಪೈಸೆ. ಇದಕ್ಕೆ ಐಯುಸಿ ಎನ್ನುತ್ತಾರೆ. ಗ್ರಾಹಕರ ಕಣ್ಣಿಗೆ ಇದು ಎಂದೂ ಬೀಳಲಿಲ್ಲ. ಆದರೆ ಮುಂದಿನ ಜಗಳಗಳಿಗೆಲ್ಲ ಬೇರು ಇದೇ.

ಬಡವರ ಅನ್‌ಲಿಮಿಟೆಡ್

ಬರುವ ಕರೆ ಪುಕ್ಕಟೆ ಆದ ಕೂಡಲೇ ನಮ್ಮ ಜನ ತಮ್ಮದೇ ಒಂದು ಪ್ಲಾನು ಮಾಡಿಕೊಂಡರು. ಅದೇ ಮಿಸ್ ಕಾಲ್.

ನಾವು ಹೆಚ್ಚಿನವರು 1990ರ ದಶಕದ ಕೊನೆಗೆ ಹುಟ್ಟಿದವರು. ನಮ್ಮ ಮನೆಗಳಿಗೆ ಬಂದ ಮೊದಲ ಫೋನು ಇಡೀ ಮನೆಗೆ ಒಂದು. ಟಾರ್ಚ್ ಇದ್ದ ನೋಕಿಯಾ. ಅದರಲ್ಲಿ ಕರೆನ್ಸಿ ಇರುತ್ತಿದ್ದದ್ದು ಎರಡೋ ಮೂರೋ ರೂಪಾಯಿ. ಆದರೂ ಕೆಲಸ ನಡೆಯುತ್ತಿತ್ತು. ಒಂದು ರಿಂಗು ಎಂದರೆ ಊರು ಮುಟ್ಟಿದೆ. ಎರಡು ರಿಂಗು ಎಂದರೆ ಬಸ್‌ಸ್ಟ್ಯಾಂಡಿಗೆ ಬಾ. ಬಿಡದೇ ಮೇಲಿಂದ ಮೇಲೆ ಬಂದರೆ ಏನೋ ಅರ್ಜಂಟು, ತಿರುಗಿ ಮಾಡು. ಟ್ರ್ಯಾಕ್ಟರಿನವರಿಗೆ ಮಿಸ್ ಕಾಲ್, ಹಾಲಿನ ಡೇರಿಗೆ ಮಿಸ್ ಕಾಲ್. ಹೊಲದ ಬೋರಿಗೆ ಹಚ್ಚಿದ ಮೊಬೈಲ್ ಸ್ಟಾರ್ಟರ್ ಕೂಡ ಒಂದು ರಿಂಗಿಗೆ ಪಂಪು ಚಾಲೂ ಮಾಡುತ್ತಿತ್ತು.

ಇದರಲ್ಲಿ ಒಂದು ನ್ಯಾಯವೂ ಇತ್ತು. ದುಡಿಯುವವರು ತಿರುಗಿ ಮಾಡಬೇಕು, ಮನೆಯಲ್ಲಿದ್ದವರು ಮಿಸ್ ಕಾಲ್ ಕೊಡಬೇಕು. ಹುಬ್ಬಳ್ಳಿಯಲ್ಲಿ ಕೆಲಸ ಹಿಡಿದ ಅಣ್ಣನಿಗೆ ಊರಿನಿಂದ ತಂಗಿ ಮಿಸ್ ಕಾಲ್ ಕೊಟ್ಟರೆ ತಪ್ಪಲ್ಲ. ಅಣ್ಣ ತಂಗಿಗೆ ಕೊಟ್ಟರೆ ಊರೆಲ್ಲ ನಗುತ್ತಿತ್ತು. ಕರೆಯ ಖರ್ಚು ಯಾರದು ಎಂಬುದನ್ನು ಟ್ರಾಯ್ ಕಾಗದದ ಮೇಲೆ ಬರೆದಿದ್ದರೆ, ನಮ್ಮ ಮನೆಗಳಲ್ಲಿ ಅದು ಮಾತಿಲ್ಲದೇ ಇತ್ಯರ್ಥವಾಗಿತ್ತು.

ಮಿಸ್ ಕಾಲನ್ನು ಪೇಟೆಯವರೂ ಗುರುತಿಸಿದರು. 2010ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಝಿಪ್‌ಡಯಲ್ ಕಂಪನಿ, ಮಿಸ್ ಕಾಲ್ ಕೊಟ್ಟವರಿಗೆ ಮಾಹಿತಿ ತಿರುಗಿ ಕಳಿಸುವುದನ್ನೇ ವ್ಯಾಪಾರ ಮಾಡಿಕೊಂಡಿತು. 2015ರಲ್ಲಿ ಅದನ್ನು ಟ್ವಿಟರ್ ಕೊಂಡುಕೊಂಡಿತು. 2011ರ ಅಣ್ಣಾ ಹಜಾರೆ ಚಳವಳಿಗೆ ಬೆಂಬಲ ಕೇಳಿದ್ದೂ ಮಿಸ್ ಕಾಲಿನಿಂದಲೇ, ಆಮೇಲೆ ರಾಜಕೀಯ ಪಕ್ಷಗಳು ಸದಸ್ಯತ್ವ ಕೊಟ್ಟದ್ದೂ ಅದರಿಂದಲೇ.

ಪೈಸೆಗೆ ಇಳಿದ ಜಗಳ

ಇತ್ತ ಕಂಪನಿಗಳ ಪೈಪೋಟಿ ನಿಮಿಷದಿಂದ ಸೆಕೆಂಡಿಗೆ ಇಳಿಯಿತು. 2005ರ ಕೊನೆಗೆ 999 ರೂಪಾಯಿಗೆ 'ಲೈಫ್‌ಟೈಮ್' ಸಿಮ್ ಬಂತು. ಒಂದು ಸಲ ಕೊಟ್ಟರೆ ಬರುವ ಕರೆ ಜೀವಮಾನವಿಡೀ ಪುಕ್ಕಟೆ. ಆದರೆ ಆ ಜೀವಮಾನ ಗ್ರಾಹಕರದ್ದಲ್ಲ, ಕಂಪನಿಯ ಲೈಸೆನ್ಸಿನದ್ದು ಎಂಬುದು ಸಣ್ಣ ಅಕ್ಷರದಲ್ಲಿತ್ತು. 2006ರ ಮಾರ್ಚ್ 1ರಿಂದ ಬಿಎಸ್‌ಎನ್‌ಎಲ್ 'ಒನ್ ಇಂಡಿಯಾ' ಪ್ಲಾನು ತಂದಿತು. ಮಿಶ್ರಿಕೋಟಿಯಿಂದ ಕಾಶ್ಮೀರಕ್ಕೆ ಮಾಡಿದರೂ ನಿಮಿಷಕ್ಕೆ ಒಂದು ರೂಪಾಯಿ. ಎಸ್‌ಟಿಡಿ ಬೂತಿಗೆ ಆ ದಿನವೇ ಸೂತಕ ಹತ್ತಿತು.

2009ರ ಜೂನಿನಲ್ಲಿ ಬಂದ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದಿತು. ಅಲ್ಲಿಯವರೆಗೆ ಹತ್ತು ಸೆಕೆಂಡು ಮಾತಾಡಿದರೂ ಇಡೀ ನಿಮಿಷದ ದುಡ್ಡು ಹೋಗುತ್ತಿತ್ತು. ಆ ವರ್ಷ ಮುಗಿಯುವುದರೊಳಗೆ ಉಳಿದ ದೊಡ್ಡ ಕಂಪನಿಗಳೂ ಅದೇ ದಾರಿ ಹಿಡಿದವು. ಆಗ ಪೇಟೆಯಲ್ಲಿ ಹತ್ತಕ್ಕೂ ಹೆಚ್ಚು ಕಂಪನಿಗಳು. ಎರಡು ಸಿಮ್ಮಿನ ಫೋನು ಬಂತು. ಅಂಗಡಿಯಲ್ಲಿ ರೇಟ್ ಕಟರ್, ಫುಲ್ ಟಾಕ್‌ಟೈಮ್, ಹತ್ತು ರೂಪಾಯಿಯ ಛೋಟಾ ರಿಚಾರ್ಜ್. ಒಂದೇ ಕಂಪನಿಯ ನಂಬರುಗಳ ನಡುವೆ ಮಾತು ಪುಕ್ಕಟೆ ಎಂಬ ಯೋಜನೆಗಳೂ ಇದ್ದವು. ಐಯುಸಿ ಹೊರಗೆ ಹೋಗುವುದಿಲ್ಲವಲ್ಲ, ಹಾಗಾಗಿ ಅದು ಕಂಪನಿಗೆ ಕಷ್ಟವಾಗಿರಲಿಲ್ಲ. ಓಣಿಯಲ್ಲಿ ಒಬ್ಬರು ಸಿಮ್ ಬದಲಿಸಿದರೆ ಬೀಗರೂ ಬಿಜ್ಜರೂ ಬದಲಿಸುತ್ತಿದ್ದ ಕಾಲ ಅದು. 2011ರ ಜನವರಿ 20ರಿಂದ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಅವಕಾಶವೂ ದೇಶದ ತುಂಬ ಬಂತು.

ಈ ಜಾತ್ರೆ ಬಹಳ ವರ್ಷ ನಡೆಯಲಿಲ್ಲ. 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್ 122 ಲೈಸೆನ್ಸುಗಳನ್ನು ರದ್ದು ಮಾಡಿತು. ಸಣ್ಣ ಕಂಪನಿಗಳು ಕರಗತೊಡಗಿದವು.

ಅನ್‌ಲಿಮಿಟೆಡ್ ಬಂತು

ಎಲ್ಲ ಕಂಪನಿಗಳ ನಂಬರಿಗೂ ಲೆಕ್ಕವಿಲ್ಲದೇ ಮಾತಾಡಿ ಎಂದು ಜಿಯೋಗಿಂತ ಮೊದಲೇ ದೇಶದ ತುಂಬ ಹೇಳಿದ್ದು ಸರ್ಕಾರಿ ಬಿಎಸ್‌ಎನ್‌ಎಲ್, ಅದೂ ಲ್ಯಾಂಡ್‌ಲೈನಿನಲ್ಲಿ ಎಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ. 2015ರ ಮೇ 1ರಿಂದ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಅದರ ಲ್ಯಾಂಡ್‌ಲೈನಿನಿಂದ ಯಾವ ನಂಬರಿಗೆ ಮಾಡಿದರೂ ಪುಕ್ಕಟೆ. 2016ರ ಆಗಸ್ಟ್ 15ರಿಂದ ಭಾನುವಾರ ಇಡೀ ದಿನ ಪುಕ್ಕಟೆ. ಆದರೆ ಅಷ್ಟೊತ್ತಿಗೆ ಲ್ಯಾಂಡ್‌ಲೈನಿನ ತಂತಿ ಹಿಡಿದುಕೊಂಡು ಕೂತವರು ಕಡಿಮೆ ಆಗಿದ್ದರು.

ಅದಾದ ಮೂರೇ ವಾರಕ್ಕೆ, 2016ರ ಸೆಪ್ಟೆಂಬರ್ 5ರಂದು, ಜಿಯೋ ಬಂತು. ಮೊದಲು ಡಿಸೆಂಬರ್‌ವರೆಗೆ, ಆಮೇಲೆ 2017ರ ಮಾರ್ಚ್‌ವರೆಗೆ ಎಲ್ಲವೂ ಪುಕ್ಕಟೆ. ಅದರ ಮುಂದೆ ನೆಟ್ಟಿಗೆ ದುಡ್ಡು, ಮಾತಿಗೆ ಇಲ್ಲ. ಜಿಯೋದಲ್ಲಿ ಮಾತು ಹೋಗುವುದೇ 4ಜಿ ನೆಟ್ಟಿನ ಮೇಲೆ, ಹಾಗಾಗಿ ಮಾತಿಗೆ ಬೇರೆ ಜಾಲ ಸಾಕುವ ಖರ್ಚು ಅದಕ್ಕಿರಲಿಲ್ಲ. ಆದರೆ ಬೇರೆ ಕಂಪನಿಯ ನಂಬರಿಗೆ ಹೋದ ಪ್ರತಿ ನಿಮಿಷಕ್ಕೂ 14 ಪೈಸೆ ತನ್ನ ಕಿಸೆಯಿಂದ ಕೊಡಬೇಕಿತ್ತು.

ಜಗಳ ಕೂಡಲೇ ಹತ್ತಿತು. ಉಳಿದ ಕಂಪನಿಗಳು ತಮ್ಮ ಕರೆ ಹಾಯುವುದಕ್ಕೆ ಬೇಕಾದಷ್ಟು ದಾರಿ ಬಿಡುತ್ತಿಲ್ಲ ಎಂದು ಜಿಯೋ ದೂರಿತು. ಪುಕ್ಕಟೆ ಕರೆಗಳ ಪ್ರವಾಹ ನಮ್ಮ ಮೇಲೆ ಬರುತ್ತಿದೆ ಎಂದು ಅವು ದೂರಿದವು. 2016ರ ಅಕ್ಟೋಬರಿನಲ್ಲಿ ಟ್ರಾಯ್ ಏರ್‌ಟೆಲ್, ವೊಡಾಫೋನ್, ಐಡಿಯಾಗಳಿಗೆ ಒಟ್ಟು 3,050 ಕೋಟಿ ರೂಪಾಯಿ ದಂಡ ಹಾಕಲು ಶಿಫಾರಸು ಮಾಡಿತು. ಅದೇ ಡಿಸೆಂಬರಿಗೆ ಹಳೆಯ ಕಂಪನಿಗಳೂ ಅನ್‌ಲಿಮಿಟೆಡ್ ಪ್ಲಾನು ತಂದವು. ದಿನಕ್ಕೆ ಇಷ್ಟು, ವಾರಕ್ಕೆ ಇಷ್ಟು ನಿಮಿಷ ಎಂಬ ಮಿತಿ ಮೊದಮೊದಲು ಅವುಗಳೊಳಗೆ ಅಡಗಿತ್ತು, ಪೈಪೋಟಿಯಲ್ಲಿ ಅದೂ ಹೋಯಿತು. 2017ರ ಫೆಬ್ರುವರಿಗೆ ಜಿಯೋಗೆ 10 ಕೋಟಿ ಗ್ರಾಹಕರು. ಅದೇ ವರ್ಷ 1,500 ರೂಪಾಯಿ ಡಿಪಾಜಿಟ್ಟಿನ ಜಿಯೋಫೋನ್ ಬಂದು, ಬಟನ್ ಫೋನಿನವರಿಗೂ ಅನ್‌ಲಿಮಿಟೆಡ್ ಮುಟ್ಟಿತು.

ಮಿಸ್ ಕಾಲ್ ಕಂಪನಿಗಳ ಲೆಕ್ಕದ ಬುಕ್ಕಿಗೆ ಬಂದದ್ದು

2017ರ ಅಕ್ಟೋಬರಿನಿಂದ ಟ್ರಾಯ್ ಐಯುಸಿಯನ್ನು 6 ಪೈಸೆಗೆ ಇಳಿಸಿತು, 2020ಕ್ಕೆ ಸೊನ್ನೆ ಎಂದೂ ಹೇಳಿತು. 2019ರಲ್ಲಿ ಆ ಗಡುವು ಮುಂದಕ್ಕೆ ಹೋಗುವ ಲಕ್ಷಣ ಕಂಡಾಗ, ಅಕ್ಟೋಬರ್ 10ರಿಂದ ಜಿಯೋ ಬೇರೆ ಕಂಪನಿಯ ಕರೆಗೆ ನಿಮಿಷಕ್ಕೆ 6 ಪೈಸೆ ಹಚ್ಚಿತು. ಅನ್‌ಲಿಮಿಟೆಡ್ ಎಂಬ ಮಾತು ಮೂರೇ ವರ್ಷಕ್ಕೆ ಲಿಮಿಟ್ಟಿಗೆ ಬಂತು.

ಅದಕ್ಕೆ ಕಂಪನಿ ಕೊಟ್ಟ ಕಾರಣ ಓದಿ ನಾವು ದಂಗಾದೆವು. ದುಡ್ಡು ಹೋಗುತ್ತದೆಂದು ಹಳೆಯ 2ಜಿ ಫೋನಿನವರು ಜಿಯೋದವರಿಗೆ ಮಿಸ್ ಕಾಲ್ ಕೊಡುತ್ತಾರೆ, ದಿನಕ್ಕೆ 25ರಿಂದ 30 ಕೋಟಿ ಮಿಸ್ ಕಾಲ್ ಬರುತ್ತವೆ, ನಮ್ಮವರು ತಿರುಗಿ ಮಾಡುತ್ತಾರೆ, ಅದರ ಐಯುಸಿ ನಮ್ಮ ತಲೆಗೆ ಬರುತ್ತದೆ ಎಂದು ಜಿಯೋ ಹೇಳಿತ್ತು. ಮೂರು ವರ್ಷದಲ್ಲಿ ಹೀಗೆ ಬೇರೆ ಕಂಪನಿಗಳಿಗೆ ನಿವ್ವಳ 13,500 ಕೋಟಿ ರೂಪಾಯಿಯಷ್ಟು ಕೊಟ್ಟಿದ್ದೇವೆ ಎಂಬುದು ಅದರ ಲೆಕ್ಕ. ನಮ್ಮ ತಾಯಂದಿರು ಎರಡು ರೂಪಾಯಿ ಉಳಿಸಲು ಕೊಟ್ಟ ರಿಂಗು ಎಲ್ಲಿಗೆ ಹೋಗಿ ಮುಟ್ಟಿತ್ತು ನೋಡಿ.

ಇನ್ನೊಂದು ತಮಾಷೆಯೂ ಆಯಿತು. ಆಗ ಜಿಯೋ ಫೋನಿನ ರಿಂಗು ಬಾರಿಸುವ ಅವಧಿಯನ್ನೇ ಕಡಿಮೆ ಮಾಡಿತು. ಎತ್ತುವುದರೊಳಗೆ ರಿಂಗು ನಿಂತರೆ ಆಚೆಯವರು ತಿರುಗಿ ಮಾಡುತ್ತಾರೆ, ಐಯುಸಿ ಈಚೆಗೆ ಬರುತ್ತದೆ. ಬೇಕೆಂದೇ ಮಿಸ್ ಕಾಲ್ ಮಾಡಿಸುತ್ತಿದ್ದಾರೆ ಎಂದು ಏರ್‌ಟೆಲ್ ಆರೋಪಿಸಿತು, ಆಮೇಲೆ ತಾನೂ ರಿಂಗು ಇಳಿಸಿತು. ಕೊನೆಗೆ 2019ರ ನವೆಂಬರ್ 1ರಂದು ಟ್ರಾಯ್ ನಡುವೆ ಬಂದು ಮೊಬೈಲಿಗೆ 30 ಸೆಕೆಂಡು, ಲ್ಯಾಂಡ್‌ಲೈನಿಗೆ 60 ಸೆಕೆಂಡು ರಿಂಗು ಆಗಲೇಬೇಕು ಎಂದು ಆದೇಶ ಮಾಡಿತು. ಹಳ್ಳಿಯವರು ಮಿಸ್ ಕಾಲ್ ಕೊಟ್ಟರೆ ಜಿಪುಣತನ ಎಂದು ನಗುತ್ತಿದ್ದರು. ಸಾವಿರಾರು ಕೋಟಿಯ ಕಂಪನಿಗಳು ಅದಕ್ಕೇ ಬಡಿದಾಡಿದವು.

2021ರ ಜನವರಿ 1ರಿಂದ ಐಯುಸಿ ಸೊನ್ನೆಯಾಯಿತು. ಅಂದಿನಿಂದ ಅನ್‌ಲಿಮಿಟೆಡ್ ನಿಜಕ್ಕೂ ಅನ್‌ಲಿಮಿಟೆಡ್. ಮಿಸ್ ಕಾಲಿಗೆ ಅರ್ಥವೇ ಉಳಿಯಲಿಲ್ಲ.

ಆದರೆ ಬಾಗಿಲಿಗೆ ಬೀಗ

ಈಗ ಅಜ್ಜಿಯ ಕಡೆಗೆ ಬರೋಣ. ಪೈಪೋಟಿಯಲ್ಲಿ ಕಂಪನಿಗಳೇ ಉಳಿಯಲಿಲ್ಲ. ರಿಲಯನ್ಸ್ ಕಮ್ಯುನಿಕೇಷನ್ಸ್ 2017ರಲ್ಲಿ ಮೊಬೈಲ್ ಮಾತು ನಿಲ್ಲಿಸಿತು, ಏರ್‌ಸೆಲ್ 2018ರಲ್ಲಿ ದಿವಾಳಿ ಅರ್ಜಿ ಹಾಕಿತು, ವೊಡಾಫೋನ್ ಮತ್ತು ಐಡಿಯಾ 2018ರ ಆಗಸ್ಟಿನಲ್ಲಿ ಒಂದಾದವು, ಟಾಟಾದ ಗ್ರಾಹಕರು ಏರ್‌ಟೆಲ್ಲಿಗೆ ಹೋದರು. ಉಳಿದದ್ದು ಮೂರು ಖಾಸಗಿ ಕಂಪನಿ, ಒಂದು ಬಿಎಸ್‌ಎನ್‌ಎಲ್.

ಉಳಿದವರಿಗೆ ನಿಮಿಷದಿಂದ ದುಡ್ಡು ಬರುವುದು ನಿಂತಿತ್ತು. ಹಾಗಾದರೆ ಯಾವುದರಿಂದ ಬರಬೇಕು? ತಿಂಗಳಿನಿಂದ. 2018ರ ಕೊನೆಗೆ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ 28 ದಿನಕ್ಕೆ ಕನಿಷ್ಠ 35 ರೂಪಾಯಿ ಹಾಕಿಸದಿದ್ದರೆ ಬರುವ ಕರೆಯೂ ಬಂದ್ ಎಂಬ ಪದ್ಧತಿ ತಂದವು. 'ಲೈಫ್‌ಟೈಮ್' ಸಿಮ್ಮುಗಳ ಆಯುಷ್ಯ ಅಲ್ಲಿಗೆ ಮುಗಿಯಿತು.

ನಮ್ಮಲ್ಲೊಬ್ಬರ ಅಜ್ಜಿಯ ಫೋನು ಹಾಗೆ ನಿಂತಿತು. ಯಾವ ಕಂಪನಿ ಎಂಬುದು ಇಲ್ಲಿ ಮುಖ್ಯವಲ್ಲ. ಅಜ್ಜಿ ಬರುವ ಕರೆಗೆ ಮಾತ್ರ ಫೋನು ಇಟ್ಟುಕೊಂಡಿದ್ದರು. ಕಂಪನಿ ಕಳಿಸಿದ ಮೆಸೇಜು ಓದಲು ಅವರಿಗೆ ಬರುವುದಿಲ್ಲ. ಎರಡು ವಾರ ದಿನಾ ರಾತ್ರಿ ಚಾರ್ಜಿಗೆ ಹಾಕಿ, ಬೆಳಿಗ್ಗೆ ದಿಂಬಿನ ಬದಿಗೆ ಇಟ್ಟುಕೊಂಡು ಕೂತಿದ್ದರು. "ಯಾರೂ ಮಾಡವಲ್ರು, ಎಲ್ಲಾರೂ ಮರತ್ರೇನ" ಎಂದು ಪಕ್ಕದ ಮನೆಯವರ ಮುಂದೆ ಅತ್ತರಂತೆ. ಅತ್ತ ಹುಬ್ಬಳ್ಳಿಯಲ್ಲಿ ಮನೆಯವರು, ಅಜ್ಜಿ ಫೋನು ಬಂದ್ ಮಾಡಿಟ್ಟಿರಬೇಕು ಎಂದುಕೊಂಡು ಸುಮ್ಮನಿದ್ದರು.

ಆ 35 ರೂಪಾಯಿ ಅಲ್ಲೇ ನಿಲ್ಲಲಿಲ್ಲ. ಕರ್ನಾಟಕದಲ್ಲಿ ಏರ್‌ಟೆಲ್‌ನ ಕನಿಷ್ಠ ಪ್ಲಾನು 2021ರ ನವೆಂಬರಿಗೆ 99, 2023ರ ಜನವರಿಗೆ 155. 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ಬೆನ್ನಿಗೆ ಬೆನ್ನಿಗೆ ದರ ಏರಿಸಿದಾಗ 28 ದಿನದ ಅನ್‌ಲಿಮಿಟೆಡ್ ಕೆಳಗಿನ ಹಂತ ಜಿಯೋದಲ್ಲಿ 189, ಏರ್‌ಟೆಲ್ ಮತ್ತು ವಿಐನಲ್ಲಿ 199. ತಿಂಗಳು 28 ದಿನದ್ದಾದರೆ ವರ್ಷಕ್ಕೆ ಹದಿಮೂರು ತಿಂಗಳು. 199ರ ಲೆಕ್ಕದಲ್ಲಿ 2,587 ರೂಪಾಯಿ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಅದರ ಆರನೇ ಒಂದು ಪಾಲು ಫೋನಿಗೇ ಹೋಯಿತು. ಹಾಕಿಸದೇ ಬಿಡೋಣ ಎಂದರೆ ಬ್ಯಾಂಕಿನ ಮೆಸೇಜು, ಒಟಿಪಿ ಎಲ್ಲ ಅದೇ ನಂಬರಿಗೆ.

ಅನ್‌ಲಿಮಿಟೆಡ್‌ನಿಂದ ನಮ್ಮಂಥವರಿಗೆ ಲಾಭವಾಗಿಲ್ಲ ಎಂದು ನಾವು ಹೇಳುತ್ತಿಲ್ಲ. ಹಾಸ್ಟೆಲಿನಲ್ಲಿದ್ದುಕೊಂಡು ದಿನಾ ಅರ್ಧ ತಾಸು ಅವ್ವನ ಜೊತೆ ಮಾತಾಡಿದವರು ನಾವು. ತವರಿಗೆ ಫೋನ್ ಮಾಡಲು ಗಂಡನ ಹತ್ತಿರ ಹತ್ತು ರೂಪಾಯಿ ಕೇಳಬೇಕಿದ್ದ ಹೆಣ್ಣುಮಕ್ಕಳು ಈಗ ರೊಟ್ಟಿ ಬಡಿಯುತ್ತ ಸ್ಪೀಕರ್ ಹಚ್ಚಿ ಮಾತಾಡುತ್ತಾರೆ. ಇದು ಸಣ್ಣ ಬದಲಾವಣೆ ಅಲ್ಲ. ಆದರೆ ಹೆಚ್ಚು ಮಾತಾಡುವವರ ಖರ್ಚು ಕಡಿಮೆಯಾದದ್ದು ಮಾತೇ ಆಡದವರ ಖರ್ಚು ಹೆಚ್ಚಾಗಿ. 2003ರ ಮೇ 1ರ ನಿಯಮ ಫೋನ್ ಬರುವುದಕ್ಕೆ ದುಡ್ಡು ಬೇಡ ಎಂದಿತ್ತು. ಆ ನಿಯಮ ಯಾರೂ ರದ್ದು ಮಾಡಲಿಲ್ಲ. ವ್ಯಾಲಿಡಿಟಿ ಎಂಬ ಬಾಗಿಲಿನಿಂದ ಅದು ಹೊರಗೆ ಹೋಯಿತು.

2024ರ ಡಿಸೆಂಬರ್ 23ರಂದು ಟ್ರಾಯ್ ಅಜ್ಜಿ ಕೇಳಿದ್ದನ್ನೇ ಕೇಳಿತು. ನೆಟ್ಟು ಬೇಡದವರಿಗೆ ಮಾತು ಮತ್ತು ಮೆಸೇಜು ಮಾತ್ರ ಇರುವ ಪ್ಲಾನು ಇಡಲೇಬೇಕು, ವರ್ಷದವರೆಗಿನ ವ್ಯಾಲಿಡಿಟಿಯನ್ನೂ ಕೊಡಬಹುದು ಎಂದು ನಿಯಮ ತಿದ್ದಿತು. 2025ರ ಜನವರಿಯಲ್ಲಿ ಅಂಥ ಪ್ಲಾನುಗಳು ಬಂದವು. 84 ದಿನಕ್ಕೆ 450 ರೂಪಾಯಿಯ ಆಸುಪಾಸು. 28 ದಿನಕ್ಕೆ ಸುಮಾರು 150 ಬಿತ್ತು. ಆದರೆ ಒಂದೇ ಸಲ 450 ರೂಪಾಯಿ ಕೈಯಲ್ಲಿರಬೇಕು, ಇಂಥದೊಂದು ಇದೆ ಎಂದು ಗೊತ್ತಿರಬೇಕು, ಅಂಗಡಿಯವರಿಗೆ ಹಾಕಲು ಮನಸ್ಸಿರಬೇಕು.

ಅದು ಬಂದ ಮೇಲೆ ನಾವು ಮಿಶ್ರಿಕೋಟಿಯ ಆ ಅಂಗಡಿಗೆ ಮತ್ತೊಮ್ಮೆ ಹೋದೆವು. ಮಾತು ಮಾತ್ರದ ಪ್ಲಾನಿನ ಬಗ್ಗೆ ಕೇಳಿದೆವು. "ಐತ್ರಿ. ಕೇಳಿದವ್ರಿಗೆ ಹಾಕ್ತೇವಿ. ಕೇಳಾವ್ರು ಎಲ್ಲಿ ಅದಾರ?" ಎಂದರು.

ನಿಮ್ಮ ಮನೆಯಲ್ಲೂ ಬಟನ್ ಫೋನಿನ ಅಜ್ಜಿಯೋ ಕಾಕಾನೋ ಇರಬಹುದು. ಮುಂದಿನ ಸಲ ಕರೆನ್ಸಿ ಹಾಕಿಸುವಾಗ ಅವರ ಪರವಾಗಿ ಒಂದು ಮಾತು ಕೇಳಿ: ಬರೇ ಮಾತಾಡೂದ ಅಷ್ಟ ಐತೇನ್ರಿ?